ಗುಡುಗಮ್ಮನ ಡೇ ಡ್ಯೂಟಿ

ಓಣಿಯಲ್ಲಿ ಅವಳಿಗೆ ಗುಡುಗಮ್ಮ ಎಂದೇ ಹೆಸರು. ಸಿಟ್ಟು ಬಂದಾಗ ಮಾತ್ರ ಗುಡುಗುತ್ತಿದ್ದಳು ಎಂದಲ್ಲ; ಪಕ್ಕದಲ್ಲಿ ಕೂತವರ ಹತ್ತಿರ ಒಂದು ಲೋಟ ನೀರು ಕೇಳಿದರೂ ಮೂರನೇ ಮನೆಯವರು ಚೊಂಬು ಹಿಡಿದುಕೊಂಡು ಬರಬೇಕು, ಅಂಥ ಗಂಟಲು. ಗಂಡ ತೀರಿಕೊಂಡ ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿದವಳು, ಬೆನ್ನು ಹಿಡಿದುಕೊಳ್ಳುವ ತನಕ ಅಲ್ಲೇ ದುಡಿದು, ಆಮೇಲೆ ರೋಗಿಗಳ ಮನೆಗೆ ಆಯಾಗಳನ್ನು ಕಳಿಸುವ ಏಜೆನ್ಸಿಯೊಂದಕ್ಕೆ ಸೇರಿಕೊಂಡಿದ್ದಳು. ಮಲಗಿದಲ್ಲೇ ಇರುವ ಮನುಷ್ಯನನ್ನು ನೋವಾಗದ ಹಾಗೆ ಮಗ್ಗುಲು ಬದಲಿಸುವುದು, ಹಾಸಿಗೆ ನೆನೆಯದ ಹಾಗೆ ತಲೆಗೆ ನೀರು ಹಾಕುವುದು, ಮುಚ್ಚಿದ ಬಾಯಿಗೆ ಗದರಿಸದೆ ಮಾತ್ರೆ ಇಳಿಸುವುದು ಅವಳಿಗೆ ಕೈಬಂದ ವಿದ್ಯೆ. ಗಂಟಲು ಎಷ್ಟು ಒರಟೋ ಕೈ ಅಷ್ಟು ಮೆದು.

ಏಜೆನ್ಸಿ ಎಂದರೆ ಚಪ್ಪಲಿ ಅಂಗಡಿಯ ಮೇಲಿನ ಒಂದು ಕೋಣೆ. ಗೋಡೆಗೆ ತಾಗಿಸಿದ ಬೆಂಚಿನ ಮೇಲೆ ಕೆಲಸಕ್ಕೆ ಕಾದು ಕೂತ ಹೆಂಗಸರು. ಮೇಜಿನ ಆಚೆ, ಎರಡು ಫೋನುಗಳ ನಡುವೆ, ಏಜೆನ್ಸಿ ಮೇಡಂ.

“ಡೇ ಡ್ಯೂಟಿ ಒಂದಿದೆ. ವಯಸ್ಸಾದವರು, ಲಕ್ವ ಹೊಡೆದಿದೆ. ಹೋಗ್ತೀರಾ?” ಎಂದು ಮೇಡಂ ಕೇಳಿದ್ದರು.

“ಡೇ ಅಂದ್ರೆ ಹಗಲು ತಾನೇ ಮೇಡಂ? ಸಂಜೆ ದೀಪ ಹಾಕೋ ಹೊತ್ತಿಗೆ ನಾನು ಮನೇಲಿರ್ಬೇಕು. ಸೊಸೆ ರಾತ್ರಿ ಪಾಳಿಗೆ ಹೋಗ್ತಾಳೆ, ಮಗು ಒಂದೇ ಆಗುತ್ತೆ.”

“ಡೇ ಅಂದ್ರೆ ಡೇ ಅಮ್ಮ. ಅದರಲ್ಲಿ ಕೇಳೋದೇನಿದೆ?”

ನಿಜ, ಅದರಲ್ಲಿ ಕೇಳುವುದೇನಿದೆ ಎಂದುಕೊಂಡೇ ಗುಡುಗಮ್ಮ ಮೆಟ್ಟಿಲಿಳಿದಳು.

ಅವಳ ಮನೆ ನಡೆಯುತ್ತಿದ್ದದ್ದೇ ಹಗಲು ರಾತ್ರಿಗಳನ್ನು ಹಂಚಿಕೊಂಡು. ಮಗ ದೂರದೂರಗಳಿಗೆ ಲಾರಿ ಓಡಿಸುವವನು. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಸೊಸೆಗೆ ಪಾರ್ಸೆಲ್ ಗೋಡೌನಿನಲ್ಲಿ ರಾತ್ರಿ ಪಾಳಿ. ಊರಾಚೆಯ ಆ ಗೋಡೌನಿಗೆ ಕೆಲಸದವರನ್ನು ಕರೆದೊಯ್ಯುವ ವ್ಯಾನು ಸಂಜೆ ಆರೂವರೆಗೆ ಓಣಿಯ ತಿರುವಿನಲ್ಲಿ ನಿಲ್ಲುತ್ತಿತ್ತು. ನಿಲ್ಲುತ್ತಿತ್ತು ಎನ್ನುವುದಕ್ಕಿಂತ, ನಿಂತ ಹಾಗೆ ಮಾಡಿ ಹೊರಟುಬಿಡುತ್ತಿತ್ತು. ಅಷ್ಟರೊಳಗೆ ಅತ್ತೆ ಮನೆಯೊಳಗೆ ಕಾಲಿಡಬೇಕು, ನಾಲ್ಕು ವರ್ಷದ ಮಗು ಅಜ್ಜಿಯ ಸೊಂಟಕ್ಕೇರಬೇಕು, ಸೊಸೆ ಚಪ್ಪಲಿ ಮೆಟ್ಟಿ ಓಡಬೇಕು. ಇರುವುದೊಂದೇ ಕೋಣೆ, ಒಂದೇ ಮಂಚ. ರಾತ್ರಿ ಅಜ್ಜಿ ಮೊಮ್ಮಗಳು ಮಲಗಿ ಎದ್ದ ಹಾಸಿಗೆಯಲ್ಲಿ, ಮಗು ಶಿಶುವಿಹಾರಕ್ಕೆ ಹೋದ ಮೇಲೆ, ಸೊಸೆ ಮಲಗುತ್ತಿದ್ದಳು. ಆ ಹಾಸಿಗೆ ತಣ್ಣಗಾದದ್ದೇ ಇಲ್ಲ.

ರೋಗಿ ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಬೇಕಾದ ಮಾತು ನಾಲಿಗೆಗೆ ಬರುತ್ತಿರಲಿಲ್ಲ. ಆಯುಷ್ಯವೆಲ್ಲ ಮೈದಾನದಲ್ಲಿ ಕೂಗಿದ್ದ ಮಾತುಗಳು ಮಾತ್ರ ತಮ್ಮಷ್ಟಕ್ಕೆ ತಾವೇ ಉರುಳಿಕೊಂಡು ಬರುತ್ತಿದ್ದವು. ಹಸಿವಾದರೆ “ಮಾರ್ಚ್!” ಹೊಟ್ಟೆ ತುಂಬಿದರೆ “ಹಾಲ್ಟ್!” ಸಂಜೆ ಗುಡುಗಮ್ಮ ಕೈಚೀಲ ಹೆಗಲಿಗೇರಿಸಿದಾಗ “ಡಿಸ್ಮಿಸ್!” ಎನ್ನುವರು, ಎಡಗೈ ಎತ್ತಿ ಸೆಲ್ಯೂಟ್ ಹೊಡೆಯುವರು. ಗುಡುಗಮ್ಮನೂ ಕಾಲು ಕುಟ್ಟಿ ಸೆಲ್ಯೂಟ್ ಹೊಡೆದೇ ಹೊಸಿಲು ದಾಟುವಳು. ಹೋದ ಮೊದಲ ದಿನ ಮಗ್ಗುಲಾಗಿಸಿ ನೋಡಿದರೆ ಸೊಂಟದ ಕೆಳಗೆ ಅಂಗೈಯಗಲದ ಹುಣ್ಣು. “ಇದನ್ನ ಇಷ್ಟು ದಿನ ಯಾವ ಕಣ್ಣಿಗೂ ಕಾಣಲಿಲ್ವಾ?” ಎಂದು ಅವಳು ಗುಡುಗಿದ್ದು ಬೀದಿಯವರೆಗೆ ಕೇಳಿಸಿತ್ತು. ತೊಳೆದು, ಒಣಗಿಸಿ, ಮುಲಾಮು ಹಚ್ಚಿ, ಗಾಳಿಗೆ ಬಿಟ್ಟು, ಎರಡು ತಿಂಗಳಲ್ಲಿ ಆ ಹುಣ್ಣು ಮಾಯುವಂತೆ ಮಾಡಿದಳು.

ಮೇಷ್ಟ್ರ ಮಗ ಬಣ್ಣದ ಕಂಪನಿಯೊಂದರಲ್ಲಿ ಮ್ಯಾನೇಜರು. ಮದುವೆಯ ಗೋಜಿಗೆ ಹೋಗದವನು. ದನಿ ಎತ್ತಿ ಮಾತಾಡಿದವನಲ್ಲ, ಸದಾ ನಗುಮುಖ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವನ ಜತೆ ಜಗಳ ಆಡುವುದು ಹೇಗೆ? ಮೊದಮೊದಲು ಆರು ಗಂಟೆಗೆ ಸರಿಯಾಗಿ ಬರುತ್ತಿದ್ದ. ಆಮೇಲೆ ಆರೂ ಕಾಲು: “ಟ್ರಾಫಿಕ್ಕಮ್ಮ.” ಆಮೇಲೆ ಆರೂ ಮುಕ್ಕಾಲು: “ಮೀಟಿಂಗಮ್ಮ.” ಬೇಸಿಗೆಯ ಉದ್ದನೆಯ ಸಂಜೆಗಳು. ಅವಳು ಬಾಯಿ ತೆರೆದರೆ ಕಿಟಕಿಯತ್ತ ಕೈ ತೋರಿಸುತ್ತಿದ್ದ: “ಇನ್ನೂ ಬೆಳಕಿದೆಯಲ್ಲಮ್ಮ, ಡೇ ಅಲ್ವಾ ಇದು?”

ಹೊತ್ತು ಬೇಗ ಮುಳುಗುವ ಕಾಲ ಬಂತು. ಆಗ ಕಿಟಕಿಯತ್ತ ಅವಳೇ ಕೈ ತೋರಿಸಿದಳು. “ಕತ್ತಲಾಯ್ತು ಸಾರ್. ಈಗ ಡೇ ಎಲ್ಲಿದೆ?”

“ಡೇ ಅಂದ್ರೆ ಬೆಳಕಲ್ಲಮ್ಮ,” ಎಂದು ಅವನು ನಕ್ಕ. “ಡೇ ಅಂದ್ರೆ ವರ್ಕಿಂಗ್ ಡೇ. ನನ್ನ ಕೆಲಸ ಮುಗಿಯೋವರೆಗೂ ಡೇ.”

ಸರಿ, ಹಾಗೇ ಇರಲಿ ಎಂದರೆ, ಒಂದು ಬೆಳಿಗ್ಗೆ ಮಗುವಿಗೆ ಜ್ವರ ಬಂದು ಗುಡುಗಮ್ಮ ಸ್ವಲ್ಪ ತಡವಾಗಿ ಹೋದಳು. ಅವನು ಬಾಗಿಲಲ್ಲೇ ನಿಂತಿದ್ದ. “ಡೇ ಅಂದ್ರೆ ಎಂಟು ಗಂಟೆ ಅಮ್ಮ. ಎಂಟು ಅಂದ್ರೆ ಎಂಟು. ಶಿಸ್ತು ಬೇಡ್ವಾ?” ಅಂದ. ಆ ನಗು ಆಗಲೂ ಮುಖದ ಮೇಲಿತ್ತು.

“ಬೆಳಿಗ್ಗೆಗೆ ಗಡಿಯಾರ, ಸಂಜೆಗೆ ರಬ್ಬರು,” ಎಂದು ಆ ಸಂಜೆ ಅವಳು ಸೊಸೆಯ ಮುಂದೆ ಹೊಟ್ಟೆಯೊಳಗಿನದನ್ನೆಲ್ಲ ಕಾರಿದಳು. “ಎಳೆದಷ್ಟೂ ಬರುತ್ತೆ ಅವನ ಡೇ. ನನ್ನ ಮೈ ಬರ್ಬೇಕಲ್ಲ?”

ಸೊಸೆಗೆ ಅಂದು ಎರಡನೆಯ ಸಲ ವ್ಯಾನು ತಪ್ಪಿತ್ತು. ಅದಕ್ಕೂ ಮುಂಚೆ ಎಷ್ಟೋ ಸಂಜೆ ತಿರುವಿನ ದರ್ಜಿ, ಪಾಪ, ತನ್ನ ಅಂಗಡಿ ಮುಚ್ಚುವುದನ್ನು ನಿಲ್ಲಿಸಿ ಮಗುವನ್ನು ಮಿಷನ್ನಿನ ಪಕ್ಕ ಕೂರಿಸಿಕೊಂಡಿದ್ದ. ಆದರೆ ಅವನಿಗೂ ಹೆಂಡತಿ ಮಕ್ಕಳು, ಅವನಿಗೂ ಸಂಜೆ ಎನ್ನುವುದೊಂದು ಇತ್ತು. ಗೋಡೌನಿನ ಸೂಪರ್‌ವೈಸರ್ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದ: ಇನ್ನೊಂದು ಸಲ ವ್ಯಾನು ತಪ್ಪಿದರೆ ಬರುವುದೇ ಬೇಡ.

ಮೀಟಿಂಗು ಎಂಥದ್ದು ಎಂಬುದು ಗುಡುಗಮ್ಮನಿಗೆ ತಿಳಿದದ್ದು ಒಂದು ಬೂಟಿನಿಂದ. ಏಳೂವರೆಗೆ ಬಂದ ಸಾಹೇಬರು ಹಜಾರದಲ್ಲಿ ಉದ್ದನೆಯ ಚೀಲ ಎಸೆದು ಬಚ್ಚಲಿಗೆ ಹೋದರು. ಚೀಲದ ಬಾಯಿಂದ ಬಿಳಿ ರಬ್ಬರ್ ತಳದ ಬೂಟು, ಬೆವರಿನಲ್ಲಿ ನೆನೆದ ಬನಿಯನ್ನು, ಶಟಲ್ ಬ್ಯಾಟಿನ ಹಿಡಿ ಇಣುಕುತ್ತಿದ್ದವು. ಅವನು ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದಾಗ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಮೀಟಿಂಗಲ್ಲಿ ಇಷ್ಟು ಬೆವರು ಬರುತ್ತಾ ಸಾರ್?”

ಅವನಿಗೆ ನಾಚಿಕೆಯಾಗಲಿಲ್ಲ. “ಆರೋಗ್ಯ ನೋಡ್ಕೋಬೇಕಲ್ಲಮ್ಮ. ಅಪ್ಪನ ಹಾಗೆ ನಾನೂ ಬಿದ್ದುಹೋದ್ರೆ ಗತಿ ಏನು?”

ಗುಡುಗಮ್ಮ ಗುಡುಗದೆಯೇ ಕೈಚೀಲ ಹೆಗಲಿಗೇರಿಸಿ ಹೊರಬಿದ್ದಳು. ತನ್ನ ಮೊಮ್ಮಗಳು ದರ್ಜಿಯ ಮಿಷನ್ನಿನ ಪಕ್ಕ ತೂಕಡಿಸುತ್ತಿರುವುದು ಈ ಮನುಷ್ಯ ಹಕ್ಕಿಗರಿ ಹೊಡೆದಾಡಲಿ ಎಂದೇ? ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿಯ ಸರಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಇಳಿಯುವಾಗ ಬೆರಳು ಬಿಡಿಸಿಕೊಳ್ಳಬೇಕಾಯಿತು.

ಭಾನುವಾರ ಏಜೆನ್ಸಿಯ ಮೆಟ್ಟಿಲೇರಿದಳು. ಮೇಡಂ ಎಲ್ಲ ಕೇಳಿಸಿಕೊಂಡು, ಒಂದು ಫೋನನ್ನು ಇನ್ನೊಂದರ ಮೇಲಿಟ್ಟು, ಮಗುವಿಗೆ ಪಾಠ ಹೇಳುವವರಂತೆ ಹೇಳಿದರು: “ನೋಡೀಮ್ಮ, ಅವರು ಪರ್ ಡೇ ಅಂತ ಮಾತಾಡ್ಕೊಂಡಿದ್ದಾರೆ. ಡೇ ಅಂದ್ರೆ ದಿನ. ದಿನ ಅಂದ್ಮೇಲೆ ರಾತ್ರೀನೂ ಅದರೊಳಗೇ ಬಂತು. ಅವರು ರಾತ್ರಿ ಎಂಟು ಗಂಟೆಗೇ ಬಿಡ್ತಿದ್ದಾರೆ ಅಂದ್ರೆ ಅದು ಅವರ ದೊಡ್ಡತನ.”

“ಅವತ್ತು ಹಗಲು ಅಂದ್ರಿ, ಇವತ್ತು ದಿನ ಆಯ್ತಾ?”

“ಅವತ್ತೂ ನಾನು ಡೇ ಅಂತಲೇ ಅಂದಿದ್ದು. ಹಗಲು ಅಂದಿದ್ದು ನೀವು.”

ಬೆಂಚಿನ ಮೇಲಿದ್ದ ಹೆಂಗಸರು ಇತ್ತ ತಿರುಗಿದರು. ಗುಡುಗಮ್ಮನ ದನಿ ಕೆಳಗಿನ ಚಪ್ಪಲಿ ಅಂಗಡಿಗೂ ಇಳಿಯಿತು. “ಡೇ ಹೊಟ್ಟೆಯೊಳಗೇ ನೈಟೂ ಇದ್ರೆ, ನೈಟ್ ಡ್ಯೂಟಿ ಅಂತ ಬೇರೆ ಹೆಂಗಸರನ್ನ ಯಾಕೆ ಕಳಿಸ್ತೀರಾ ಮೇಡಂ? ಅವರೇನು ಗೂಬೆ ಕಾಯೋಕೆ ಹೋಗ್ತಾರಾ? ನಮ್ಮ ಮಗುವಿನ ಶಿಶುವಿಹಾರದ ಗೋಡೆ ಮೇಲೆ ಡೇ ಅಂತ ಸೂರ್ಯನ ಚಿತ್ರ ಬರೆದಿದ್ದಾರೆ. ಸುಣ್ಣದ ಬಕೆಟ್ಟು ತಗೊಂಡು ಹೋಗಿ ಅಳಿಸಿ ಬನ್ನಿ ಹಾಗಾದ್ರೆ!”

ಬೆಂಚು ಕಿಸಕ್ಕನೆ ನಕ್ಕಿತು. ತುದಿಯಲ್ಲಿ ಕೂತಿದ್ದ ಸಣಕಲು ಹೆಂಗಸೊಬ್ಬಳು ನಗಲಿಲ್ಲ. “ನನ್ನನ್ನೂ ಡೇ ಅಂತ ಕಳಿಸಿ ಮೂರು ರಾತ್ರಿ ಹೊರಗೆ ಬಿಡಲಿಲ್ಲಕ್ಕ,” ಎಂದು ತನ್ನ ಮಡಿಲಿಗೆ ಹೇಳಿಕೊಂಡ ಹಾಗೆ ಹೇಳಿದಳು. ಮೇಡಂ ಮುಖ ಕೆಂಪಾಯಿತು. “ಇಷ್ಟ ಇದ್ರೆ ಮಾಡಿ. ಇಲ್ಲಾಂದ್ರೆ ಬೆಂಚು ಅಲ್ಲೇ ಇದೆ, ಕೂತ್ಕೊಳ್ಳಿ.”

ಬೆಂಚಿನ ಮೇಲೆ ಕೂತರೆ ಹೊಟ್ಟೆ ತುಂಬೀತೇ? ಸೋಮವಾರ ಅವಳು ಮತ್ತೆ ಮೇಷ್ಟ್ರ ಮನೆಗೇ ಹೋದಳು. ಮೇಷ್ಟ್ರ ಮಗ ಆಫೀಸಿಗೆ ಹೊರಡಲು ಕಾರಿನ ಕೀಲಿ ಹುಡುಕುತ್ತಿದ್ದಾಗ, ಎಂದೂ ತಗ್ಗಿಸದ ದನಿ ತಗ್ಗಿಸಿ ಕೇಳಿಕೊಂಡಳು. “ಸಾರ್, ಇವತ್ತೊಂದು ದಿನ ಆರಕ್ಕೆ ಬನ್ನಿ. ಸೊಸೆಗೆ ಇದು ಕೊನೇ ಸಲ ಅಂದುಬಿಟ್ಟಿದ್ದಾರೆ. ವ್ಯಾನು ತಪ್ಪಿದ್ರೆ ಅವಳ ಕೆಲಸ ಹೋಗುತ್ತೆ. ದರ್ಜಿಯೂ ಊರಲ್ಲಿಲ್ಲ.”

“ಖಂಡಿತ ಅಮ್ಮ. ಇಷ್ಟೊಂದು ಹೇಳ್ಬೇಕಾ?” ಎಂದ ಅವನು.

ಆರು ಗಂಟೆಗೆ ಬಂದದ್ದು ಅವನಲ್ಲ, ಅವನ ಫೋನು. “ಸ್ವಲ್ಪ ಸಿಕ್ಕಾಕ್ಕೊಂಡಿದ್ದೀನಮ್ಮ. ಎಂಟಕ್ಕೆಲ್ಲ ಬಂದ್ಬಿಡ್ತೀನಿ.” ಅವನ ಮಾತಿನ ಹಿಂದೆ ಟಕ್ ಟಕ್ ಎಂದು ಬ್ಯಾಟು ತಾಗುವ ಸದ್ದು, ಯಾರೋ ‘ಔಟ್’ ಎಂದು ಕೂಗಿದ್ದು, ನಗು. ಅವಳು ಬಾಯಿ ತೆರೆಯುವಷ್ಟರಲ್ಲಿ ಫೋನು ಕಟ್ಟಾಗಿತ್ತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಮೇಷ್ಟ್ರನ್ನು ಒಬ್ಬರನ್ನೇ ಬಿಟ್ಟು ಹೋಗುವಂತಿಲ್ಲ. ಮೊನ್ನೆಯಷ್ಟೆ ನೀರು ನೆತ್ತಿಗೇರಿ ಕಣ್ಣು ಮೇಲಾಗಿತ್ತು. ಮಗುವನ್ನು ಒಂದೇ ಬಿಟ್ಟು ಸೊಸೆ ವ್ಯಾನು ಹತ್ತುವಂತಿಲ್ಲ. ಅತ್ತ ದರಿ, ಇತ್ತ ಪುಲಿ. ಮೇಷ್ಟ್ರು ಗೋಡೆಯ ಗಡಿಯಾರ ನೋಡಿ ಎಡಗೈ ಎತ್ತಿದರು. “ಡಿಸ್ಮಿಸ್!”

“ನನ್ನೊಬ್ಬಳನ್ನೇ ಅಲ್ಲ ಮೇಷ್ಟ್ರೇ, ಇವತ್ತು ನಿಮ್ಮನ್ನೂ ಡಿಸ್ಮಿಸ್,” ಎಂದಳು ಅವಳು.

ಸ್ವೆಟರು, ಕಿವಿ ಮುಚ್ಚುವ ಟೋಪಿ, ಕಾಲಿಗೆ ಕಂಬಳಿ. ಮಾತ್ರೆಗಳ ಡಬ್ಬಿ, ಮೂತ್ರದ ಬಾಟಲಿ, ಒಂದು ಜತೆ ಬಟ್ಟೆ ಚೀಲಕ್ಕೆ ತುರುಕಿದಳು. ಮೇಷ್ಟ್ರನ್ನು ತೋಳಿಗಾನಿಸಿ ಗಾಲಿಕುರ್ಚಿಗೆ ಇಳಿಸಿ, ಬಾಗಿಲಿಗೆ ಬೀಗ ಹಾಕಿ, ಗೇಟಿನ ಕಾವಲುಗಾರನಿಗೆ ಅರ್ಥವಾಗುವ ಹಾಗೆ, ಅಂದರೆ ಇಡೀ ಬೀದಿಗೆ ಕೇಳುವ ಹಾಗೆ, ಹೇಳಿದಳು: “ಸಾಹೇಬರು ಬಂದ್ರೆ, ಅಪ್ಪ ಆಯಾ ಮನೇಲಿದ್ದಾರೆ ಅನ್ನು. ದಾರಿ ಗೊತ್ತಿಲ್ದಿದ್ರೆ ದೊಡ್ಡ ನೀರಿನ ಟ್ಯಾಂಕಿನ ಹಿಂದೆ ಗುಡುಗಮ್ಮ ಅಂತ ಕೇಳಲಿ.”

ಬಸ್ಸಿನಲ್ಲಾದರೆ ಎರಡೇ ಸ್ಟಾಪು. ಆದರೆ ಗಾಲಿಕುರ್ಚಿಗೆ ಪ್ರತಿ ಉಬ್ಬೂ ಬೆಟ್ಟ. ಕಾರುಗಳು ಹಾರ್ನು ಹೊಡೆದವು, ಫುಟ್‌ಪಾತಿನ ಮೇಲೆ ನಿಲ್ಲಿಸಿದ್ದ ಬೈಕುಗಳು ದಾರಿ ಕೊಡಲಿಲ್ಲ. ಮೇಷ್ಟ್ರಿಗೆ ಮಾತ್ರ ಪ್ರಾಯ ಮರಳಿ ಬಂದಿತ್ತು. ಎಷ್ಟೋ ತಿಂಗಳ ಮೇಲೆ ಬೀದಿ ಕಂಡವರು, “ಲೆಫ್ಟ್ ರೈಟ್! ಲೆಫ್ಟ್ ರೈಟ್!” ಎಂದು ಕೂಗುತ್ತಲೇ ಇದ್ದರು. ಬೇಕರಿಯ ಮುಂದೆ ನಿಂತವರು ದಾರಿ ಬಿಟ್ಟು ಸರಿದರು. ಓಣಿ ಇನ್ನೇನು ಬಂತು ಎನ್ನುವಾಗ ಮುಂದಿನ ಚಕ್ರ ಚರಂಡಿಯ ಜಾಲರಿಯಲ್ಲಿ ಸಿಕ್ಕಿಕೊಂಡಿತು. ಎಳೆದರೆ ಬರಲಿಲ್ಲ, ಒತ್ತಿದರೆ ಹೋಗಲಿಲ್ಲ. ಸೈಕಲ್ ಇಳಿದ ಗಾರೆ ಕೆಲಸದವನೊಬ್ಬ ಕುರ್ಚಿಯನ್ನು ಮೇಷ್ಟ್ರ ಸಮೇತ ಎತ್ತಿ ಆಚೆ ಇಟ್ಟ. ಅವನಿಗೆ ಒಂದು ಒಳ್ಳೆಯ ಮಾತು ಹೇಳಲೂ ನಿಲ್ಲದೆ ಅವಳು ಓಡಿದಳು.

ತಿರುವಿಗೆ ಬಂದಾಗ ವ್ಯಾನಿನ ಹಿಂದಿನ ಕೆಂಪು ದೀಪ ಕಾಣಿಸಿತು. ಸೊಸೆ ಮಗುವನ್ನು ಎತ್ತಿಕೊಂಡು, ಹೆಗಲಲ್ಲಿ ಚೀಲ ತೂಗಿಕೊಂಡು, ರಸ್ತೆಯ ನಡುವೆ ನಿಂತಿದ್ದಳು. ಅತ್ತೆಯನ್ನು ನೋಡಿದಳು, ಕುರ್ಚಿಯನ್ನು ನೋಡಿದಳು, ಕುರ್ಚಿಯಲ್ಲಿದ್ದವರನ್ನು ನೋಡಿದಳು. ಬಯ್ಯಲೂ ಇಲ್ಲ, ಅಳಲೂ ಇಲ್ಲ. “ಹೋಯ್ತು ಅತ್ತೆ,” ಎಂದಳು.

ಗುಡುಗಮ್ಮ ಕುರ್ಚಿಯನ್ನು ಒಳಗೆ ತಂದು, ಮಂಚದ ಪಕ್ಕ ನಿಲ್ಲಿಸಿ, ಒಲೆ ಹಚ್ಚಿದಳು. ಮೇಷ್ಟ್ರಿಗೆ ಬಿಸಿ ಹಾಲಿನಲ್ಲಿ ಬ್ರೆಡ್ಡು ನೆನೆಸಿ ತಿನ್ನಿಸಿದಳು, ಮೊಟ್ಟೆ ಬೇಯಿಸಿ ಕಿವುಚಿ ಕೊಟ್ಟಳು. ಮಗು ಮೊದಲು ಅಮ್ಮನ ಬೆನ್ನ ಹಿಂದೆ ಅಡಗಿತ್ತು, ಮೇಷ್ಟ್ರು “ಅಟೆನ್ಷನ್!” ಎಂದ ಕೂಡಲೇ ಹೊರಗೆ ಬಂದು ಬೆನ್ನು ನೆಟ್ಟಗೆ ಮಾಡಿ ನಿಂತಿತು. ಎಂಟು ದಾಟುವ ಹೊತ್ತಿಗೆ ಇಬ್ಬರ ನಡುವೆ ದೊಡ್ಡ ಕವಾಯತೇ ನಡೆದಿತ್ತು.

ಮೇಷ್ಟ್ರ ಮಗರಾಯ ಬಂದ. ಮುಖದ ಮೇಲೆ ನಗು ಇರಲಿಲ್ಲ. ಬಿಳಿ ತಳದ ಬೂಟು ಕಾಲಲ್ಲೇ ಇತ್ತು. ಹಾಗೇ ಒಳಗೆ ನುಗ್ಗಿದ.

“ಏನು ತಿಳ್ಕೊಂಡಿದ್ದೀಯ ನೀನು?” ಇಷ್ಟು ದಿನ ನೀವು ಎನ್ನುತ್ತಿದ್ದ ಬಾಯಿ ಅದು. “ಲಕ್ವ ಹೊಡೆದ ಮನುಷ್ಯನನ್ನ ಬೀದಿಬೀದಿ ಎಳ್ಕೊಂಡು ಬಂದಿದ್ದೀಯ! ಪೊಲೀಸಿಗೆ ಹೇಳ್ತೀನಿ. ಹಗಲುದರೋಡೆ ಇದು!”

“ದನಿ ತಗ್ಗಿಸಿ ಮಾತಾಡಿ, ಇದು ನನ್ನ ಮನೆ,” ಎಂದಳು ಗುಡುಗಮ್ಮ. ಆಮೇಲೆ ಅವಳೇ ತಗ್ಗಿಸಲಿಲ್ಲ. “ಹಗಲುದರೋಡೆ ಮಾಡಿದ್ದು ಯಾರು ಸಾರ್? ನನ್ನ ಹಗಲು ನಿಮಗೆ ಕೊಟ್ಟಿದ್ದೆ, ಸಾಲದು ಅಂತ ನನ್ನ ಸಂಜೆಗೆ ಕೈ ಹಾಕಿದ್ರಿ. ಅದೂ ಸಾಲದು ಅಂತ ಇವಳ ರಾತ್ರೀನ ಕಿತ್ಕೊಂಡ್ರಿ. ಬೆಳಕಿದ್ರೆ ಬೆಳಕು ಡೇ ಅಂದ್ರಿ, ಕತ್ತಲಾದ್ರೆ ಕೆಲಸ ಡೇ ಅಂದ್ರಿ, ಆಟ ಆಡ್ತಾ ನಿಂತ್ರೆ ಆಟಾನೂ ಡೇ. ಒಂದು ಮಾತಿಗೆ ಎಷ್ಟು ನಾಲಿಗೆ ಸಾರ್ ನಿಮ್ಮದು? ನಿಮ್ಮಪ್ಪ ಇಲ್ಲಿ ಹಾಲು ಕುಡಿದು, ಮೊಟ್ಟೆ ತಿಂದು, ಒಣ ಬಟ್ಟೇಲಿ ಕೂತಿದ್ದಾರೆ. ಇಲ್ಲಿ ಅವರು ರೋಗಿಯಲ್ಲ, ನಮ್ಮನೆಗೆ ಬಂದ ನೆಂಟರು. ನನ್ನ ಡ್ಯೂಟಿ ಆರಕ್ಕೇ ಮುಗಿದಿದೆ.”

ಬಾಗಿಲಲ್ಲಿ ಕೆಲಸದಿಂದ ಮರಳಿದ ಅಕ್ಕಪಕ್ಕದವರು ಕೂಡಿದ್ದರು. ಅವನು ಕುರ್ಚಿಯ ಹಿಡಿಗೆ ಕೈ ಹಾಕಿದ. ಮೇಷ್ಟ್ರು ಎಡಗೈಯಲ್ಲಿ ಮಂಚದ ಕಾಲನ್ನು ಗಟ್ಟಿಯಾಗಿ ಹಿಡಿದು ಮಗನನ್ನೇ ನೋಡಿ ಕೂಗಿದರು: “ಡಿಸ್ಮಿಸ್!”

“ಕೇಳಿಸ್ತಾ? ಅಪ್ಪನೇ ಹೇಳ್ತಿದ್ದಾರೆ ನಿನ್ನನ್ನ ಡಿಸ್ಮಿಸ್ ಮಾಡು ಅಂತ,” ಎಂದ ಮಗ. “ನಾಳೆಯಿಂದ ಬರ್ಬೇಡ.”

ಆ ‘ಡಿಸ್ಮಿಸ್’ ಯಾರಿಗೆಂದು ಗುಡುಗಮ್ಮನಿಗೂ ಗೊತ್ತಿತ್ತು, ಮೇಷ್ಟ್ರಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಹೆತ್ತ ಮಗನಿಗೆ ಮಾತ್ರ. ಮೇಷ್ಟ್ರ ಬೆರಳುಗಳನ್ನು ಒಂದೊಂದಾಗಿ ಅವಳೇ ಬಿಡಿಸಿದಳು. ಕಾರಿನ ತನಕ ಹೋಗಿ, ಕತ್ತಿನ ಹಿಂದೆ ಕಂಬಳಿ ಮಡಿಸಿಟ್ಟು, ಮಾತ್ರೆ ಡಬ್ಬಿಯನ್ನು ಅವರ ತೊಡೆಯ ಮೇಲಿಟ್ಟು ಬಂದಳು.

ಮರುದಿನವೇ ಮೇಡಂ ಅವಳಿಗೆ ಇನ್ನು ಏಜೆನ್ಸಿಗೆ ಬರಬೇಡ ಎಂದರು. ಗೋಡೌನಿನವರು ಸೊಸೆಯ ಜಾಗಕ್ಕೆ ಬೇರೆಯವರನ್ನು ಹಾಕಿಕೊಂಡರು. ಗುಡುಗಮ್ಮನೇ ಹೋಗಿ ಆ ಸೂಪರ್‌ವೈಸರನ್ನು ಕಂಡಳು. ತಪ್ಪು ನನ್ನದು, ಅವಳದ್ದಲ್ಲ ಎಂದಳು. ಅವನು ತಲೆ ಎತ್ತದೆ, “ಯಾರದ್ದಾದ್ರೇನು, ವ್ಯಾನು ತಪ್ಪಿತಲ್ಲ,” ಎಂದ. ವಾಪಸು ಬರುವಾಗ ಅವಳಿಗೆ ಕಣ್ಣೀರು ಬಂದಿತು. ದುಃಖಕ್ಕಲ್ಲ. ಇಷ್ಟು ದೊಡ್ಡ ಗಂಟಲಿದ್ದೂ ಕೇಳಿಸಿಕೊಳ್ಳುವ ಕಿವಿ ಒಂದೂ ಸಿಗಲಿಲ್ಲವಲ್ಲ ಎಂಬ ಉರಿಗೆ.

ಎರಡು ವಾರ ಕಳೆದಿರಬೇಕು. ಹಾಡಹಗಲಲ್ಲಿ, ಆಫೀಸಿನ ಹೊತ್ತಿನಲ್ಲಿ, ಮೇಷ್ಟ್ರ ಮಗ ಬಾಗಿಲಿಗೆ ಬಂದು ನಿಂತ. ಈ ಸಲ ಬೂಟನ್ನು ಹೊರಗೇ ಬಿಟ್ಟಿದ್ದ. ಏಜೆನ್ಸಿ ಕಳಿಸಿದ ಮೂವರು ಬಂದು ಹೋಗಿದ್ದರಂತೆ. ಅಪ್ಪ ತುಟಿ ಬಿಗಿಹಿಡಿದರೆ ತೆರೆಯುವುದೇ ಇಲ್ಲವಂತೆ. ಹುಣ್ಣು ಮತ್ತೆ ಬಾಯಿ ಬಿಟ್ಟಿದೆಯಂತೆ.

“ನೀವೇ ಬರ್ಬೇಕಮ್ಮ. ಡೇ ಡ್ಯೂಟಿ—”

“ಆ ಮಾತು ಬೇಡ. ಗಂಟೆ ಹೇಳಿ.”

“ಎಂಟರಿಂದ ಆರು.”

“ಆರು ಅಂದ್ರೆ?”

“ಆರು ಅಂದ್ರೆ ಆರು. ನಾನಿಲ್ದಿದ್ರೆ ಪಕ್ಕದ ಮನೆಯವರು ಬಂದು ಕೂತ್ಕೋತಾರೆ, ಮಾತಾಡಿದ್ದೀನಿ.”

“ಅದನ್ನ ಆವತ್ತೇ ಮಾತಾಡಬಹುದಿತ್ತಲ್ಲ?” ಎಂದಳು ಗುಡುಗಮ್ಮ. “ಇವಳ ಕೆಲಸ ಹೋಯ್ತಲ್ಲ ಸಾರ್, ಅದು ಯಾವ ಡೇ ವಾಪಸು ಬರುತ್ತೆ?”

ಮಂಚದ ಮೇಲೆ ಕೂತಿದ್ದ ಸೊಸೆ ಮುಖ ಗೋಡೆಗೆ ತಿರುಗಿಸಿದಳು. ತಪ್ಪಾಯಿತು ಎಂದಾದರೂ ಹೇಳುತ್ತಾನೇನೋ ಎಂದು ಗುಡುಗಮ್ಮ ಕಾದಳು. ಅವನು ಬೂಟು ಹಾಕಿಕೊಳ್ಳಲು ಬಗ್ಗಿದ.

ಅವಳು ಹೋದಳು. ಹುಣ್ಣು ಬಾಯಿ ಬಿಟ್ಟಿದೆ ಎಂದು ಕೇಳಿದ ಮೇಲೆ ಮನೆಯಲ್ಲಿ ಕೂರುವುದು ಅವಳ ಕೈಯಲ್ಲಿ ಆಗುತ್ತಿರಲಿಲ್ಲ. “ಆ ಮನೆಗೇ ಹೋಗ್ತೀರಾ ಅತ್ತೆ?” ಎಂದು ಕೇಳಿದ ಸೊಸೆ ಆಮೇಲೆ ಎಷ್ಟೋ ದಿನ ನೆಟ್ಟಗೆ ಮಾತಾಡಲಿಲ್ಲ. ತಟ್ಟೆ ಇಟ್ಟರೆ ಸದ್ದು, ಬಾಗಿಲು ಹಾಕಿದರೆ ಸದ್ದು. ಕೊನೆಗೆ ಅವಳಿಗೂ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಪ್ಪಟಿ ಮಡಿಸುವ ಕೆಲಸ ಸಿಕ್ಕಿತು. ಗೋಡೌನಿನದಕ್ಕಿಂತ ಕಡಿಮೆ ಸಂಬಳ, ಹೆಚ್ಚು ಬೆನ್ನುನೋವು. ಹಗಲಿನದು. ಈಗ ಸಂಜೆ ಇಬ್ಬರೂ ಒಟ್ಟಿಗೇ ಮನೆಯಲ್ಲಿರುತ್ತಾರೆ. ಒಂದೇ ಒಲೆಗೆ ಇಬ್ಬರು, ಒಂದೇ ಮಂಚಕ್ಕೆ ಮೂವರು. ಉಪ್ಪಿಗೆ ಒಂದು ಜಗಳ, ಹೊದಿಕೆಗೆ ಒಂದು ಜಗಳ.

ಮೇಷ್ಟ್ರ ಮಗ ಈಗ ಹೊತ್ತಿಗೆ ಸರಿಯಾಗಿ ಬರುತ್ತಾನೆ, ತಡವಾದರೆ ಪಕ್ಕದ ಮನೆಯವರು ಬರುತ್ತಾರೆ. ಪಾಠ ಕಲಿತ, ಒಳ್ಳೆಯವನಾದ ಎಂದು ದರ್ಜಿ ಒಂದು ದಿನ ಬಾಯಿ ತಪ್ಪಿ ಅಂದ. ಗುಡುಗಮ್ಮ ಅವನ ಅಂಗಡಿಯ ಮುಂದೆಯೇ ನಿಂತುಬಿಟ್ಟಳು.

“ಒಳ್ಳೆಯವನಾದ್ನಾ? ಅವನಪ್ಪ ಬಾಯಿ ಮುಚ್ಚಿದ್ದಕ್ಕೆ ಬಂದ, ನಾನು ಬಾಯಿ ತೆಗೆದಿದ್ದಕ್ಕಲ್ಲ. ನಾನು ಕೇಳಿದಾಗಲೇ ಬಂದಿದ್ರೆ ಒಳ್ಳೆಯವನು ಅನ್ನಬಹುದಿತ್ತು,” ಎಂದಳು. ಓಣಿಯ ಕೊನೆಯ ಮನೆಯವರೂ ಕಿಟಕಿ ತೆರೆದು ನೋಡಿದರು.